ಹೊಗೆಯಿಲ್ಲದ ಬಿಸಿನೀರು

ಅಮಾವಾಸ್ಯೆಯ ಬೆಳಗ್ಗೆ ರೇವವ್ವನವರು ಕುಪ್ಪಸದ ತೋಳನ್ನು ಮೇಲೆ ಸರಿಸಿ, ಮೊಣಕೈಯನ್ನು ಮಾಳಿಗೆಯ ಮೇಲಿನ ಡ್ರಮ್ಮಿನ ನೀರಿಗೆ ಅದ್ದಿ ಕಣ್ಣು ಮುಚ್ಚಿದರು. ನಾನು ಏಣಿಯ ತುದಿಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದೆ. ಕೆಳಗೆ ಅಂಗಳದಲ್ಲಿ ಮಶಾಕಸಾಬ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಮ್ಮನ್ನೇ ನೋಡುತ್ತಿದ್ದ.

"ಬಾವಿ ನೀರಿನಷ್ಟ ತಣ್ಣಗೈತಿ," ಎಂದರು ರೇವವ್ವ.

ಕೆಳಗಿದ್ದವನ ಮುಖ ಬಾಡಿತು. ನಿನ್ನೆ ನರಕ ಚತುರ್ದಶಿಯ ಬೆಳಗ್ಗೆ ಮುದ್ದೇಬಿಹಾಳದ ಹೊಸ ಬಡಾವಣೆಯ ಐದು ಮನೆಗಳಲ್ಲಿ ಅವನು ಕೂಡಿಸಿದ, ಬಿಸಿಲಿನಿಂದ ನೀರು ಕಾಯಿಸುವ ಪೆಟ್ಟಿಗೆಗಳು ಒಟ್ಟಿಗೇ ಕೈಕೊಟ್ಟಿದ್ದವು. ನಾಲ್ಕು ಮನೆಯವರು ಮೈತುಂಬ ಎಣ್ಣೆ ಹಚ್ಚಿಕೊಂಡು ತಣ್ಣೀರು ಸುರಿದುಕೊಂಡಿದ್ದರು. ಐದನೆಯದು ನಾವೀಗ ಹತ್ತಿದ್ದ, ನನ್ನ ಅತ್ತೆ ಇಂದ್ರಾಬಾಯಿಯವರ ಮನೆ. ಅಲ್ಲಿ ಐದು ದಿನದಿಂದಲೂ ಇದೇ ಕಥೆ.

ನನ್ನ ಪರಿಚಯವನ್ನೂ ಹೇಳಿಬಿಡುತ್ತೇನೆ. ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವ ಸೋಮನಿಂಗ ಮಾಸ್ತರ ನಾನು. ಅಳಿಯನಾಗಿ ದೀಪಾವಳಿಗೆ ಮೂರು ದಿನ ಮೊದಲೇ ಬಂದವನಿಗೆ ಹೊಸದಾಗಿ ಹುಟ್ಟಿದ ಮಗಳು ಕಾದಿದ್ದಳು, ಇವತ್ತಿಗೆ ಅವಳಿಗೆ ಒಂಬತ್ತು ದಿನ. ಕೂಸು ಹುಟ್ಟಿದ ಮನೆಗೆ ಹನ್ನೊಂದು ದಿನ ಪುರುಡು. ಹಬ್ಬವಿಲ್ಲ, ಪೂಜೆಯಿಲ್ಲ, ಹೋಳಿಗೆಯಂತೂ ಇಲ್ಲವೇ ಇಲ್ಲ. ಮಗಳ ಮುಖ ನೋಡಿದಾಗಲೆಲ್ಲ ಹೋಳಿಗೆ ಮರೆಯುತ್ತಿತ್ತು, ಪಕ್ಕದ ಮನೆಯ ಬೆಲ್ಲದ ವಾಸನೆಗೆ ಮತ್ತೆ ನೆನಪಾಗುತ್ತಿತ್ತು.

ರೇವವ್ವ ಈ ಊರಿನ ನರ್ಸಬಾಯಿ. ಮೂವತ್ತು ವರ್ಷದಿಂದ ಊರಿನ ಕೂಸುಗಳನ್ನೆಲ್ಲ ಎತ್ತಿಕೊಂಡ ಕೈ ಅವರದು. ಯಾರ ಮನೆಯ ಬಚ್ಚಲು ಹೇಗಿದೆ, ಯಾರ ಹಂಡೆ ಸೋರುತ್ತದೆ, ಯಾರು ಹಸಿ ಕಟ್ಟಿಗೆ ಉರಿಸುತ್ತಾರೆ ಎಲ್ಲ ಅವರಿಗೆ ಗೊತ್ತು. ಹೀಗಾಗಿ ಕಳೆದ ವರ್ಷ ಕಳುವಾದ ಹಾರದಿಂದ ಹಿಡಿದು ಈ ವರ್ಷದ ತಣ್ಣೀರಿನವರೆಗೆ ಜನ ಫೌಜದಾರರ ಕಡೆ ಹೋಗುವ ಮೊದಲು ಇವರ ಕಡೆಗೇ ಬರುತ್ತಾರೆ. ನಾನು ಅವರ ಸಹಾಯಕ ಎಂದು ನಾನು ಹೇಳಿಕೊಳ್ಳುತ್ತೇನೆ. ಅವರು ನನ್ನನ್ನು ಏಣಿ ಹಿಡಿಯುವವ ಎನ್ನುತ್ತಾರೆ.

ಮಶಾಕಸಾಬನ ಪೆಟ್ಟಿಗೆಯಲ್ಲಿ ಮಾಟಮಂತ್ರ ಏನೂ ಇಲ್ಲ. ಗಾಜು ಮುಚ್ಚಿದ ಅಗಲವಾದ ತಗಡಿನ ಪೆಟ್ಟಿಗೆ, ಒಳಗೆ ಕಪ್ಪು ಬಳಿದ ತಾಮ್ರದ ನಳಿಗೆಗಳು, ಅದಕ್ಕಿಂತ ಒಂದು ಮೊಳ ಎತ್ತರದಲ್ಲಿ ನಾಲ್ಕು ಕೊಡ ಹಿಡಿಯುವ ಡ್ರಮ್ಮು. ಬಿಸಿಲಿಗೆ ಕಾದ ನೀರು ತಾನಾಗಿಯೇ ಮೇಲೇರಿ ಡ್ರಮ್ಮು ಸೇರುತ್ತದೆ. ಡ್ರಮ್ಮಿನ ಸುತ್ತ ಸೇಂಗಾ ಹೊಟ್ಟು ತುಂಬಿ ಕಂಬಳಿ ಸುತ್ತಿರುವುದರಿಂದ ಸಂಜೆಯ ಬಿಸಿ ಬೆಳಗಿನವರೆಗೆ ಆರುವುದಿಲ್ಲ. ಕಟ್ಟಿಗೆ ಬೇಡ, ಸೀಮೆಎಣ್ಣೆಯ ಸರದಿ ಬೇಡ, ಹೊಗೆಗೆ ಕಣ್ಣೀರು ಹಾಕುವುದು ಬೇಡ. ನಮ್ಮ ಬಿಸಿಲಿಗೆ ಬೈಯುತ್ತಲೇ ಹುಟ್ಟಿ ಬೈಯುತ್ತಲೇ ಬೆಳೆದ ಜನ, ಅದರಿಂದ ಒಂದು ಉಪಕಾರವಾದೀತೆಂದು ಯಾರೂ ಎಣಿಸಿರಲಿಲ್ಲ.

ಬಡಾವಣೆಯಲ್ಲಿ ಇನ್ನೂ ಇಪ್ಪತ್ತು ಮನೆ ಏಳುತ್ತಿವೆ. ಎಲ್ಲದಕ್ಕೂ ಪೆಟ್ಟಿಗೆ ಹಾಕಿಸಲು ಸೊಸೈಟಿಯ ಅಧ್ಯಕ್ಷ ಮಾಳಿಂಗಪ್ಪನವರು ಒಪ್ಪಿದ್ದರು. ಆದರೆ ನಿನ್ನೆ ಬೆಳಗ್ಗೆ ಎಣ್ಣೆ ಮೈಯ ಮೇಲೆ ತಣ್ಣೀರು ಬಿದ್ದವರಲ್ಲಿ ಅವರೂ ಒಬ್ಬರು. ನಡುಗುತ್ತಲೇ ಅಪ್ಪಣೆ ಕೊಟ್ಟರು: ನಾಡಿದ್ದು ಪಾಡ್ಯದ ದಿನ ಇಂದ್ರಾಬಾಯಿಯವರ ಮನೆಗೆ ಬಂದು ನಳಕ್ಕೆ ಕೈ ಹಿಡಿಯುತ್ತೇನೆ, ನೀರು ಬಿಸಿ ಇದ್ದರಷ್ಟೇ ಸಾಲದು, ಇಷ್ಟು ದಿನ ಯಾಕೆ ತಣ್ಣಗಿತ್ತೆಂದು ಕಾರಣವೂ ಬೇಕು. ಇಲ್ಲದಿದ್ದರೆ ಐದೂ ಪೆಟ್ಟಿಗೆ ಕಿತ್ತು ಹಂಡೆ ಹೂಡುವುದೇ ಸೈ.

ಮಶಾಕಸಾಬ ವಾದ ಮಾಡಲಿಲ್ಲ. ಹಾಗಾದರೆ ಪೆಟ್ಟಿಗೆಗಳನ್ನು ತಾನೇ ಬಿಚ್ಚಿ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಸೊಲ್ಲಾಪುರದ ಗಿರಣಿಗೆ ಹೋಗುತ್ತೇನೆ ಎಂದುಬಿಟ್ಟ. ಮೂರು ವರ್ಷ ಆ ಪೆಟ್ಟಿಗೆಗಾಗಿ ಕೈಸುಟ್ಟುಕೊಂಡವನ ಬಾಯಲ್ಲಿ ಆ ಮಾತು ಕೇಳಿ ನಾನೇ ರೇವವ್ವನವರನ್ನು ಕರೆತಂದಿದ್ದೆ.

ರೇವವ್ವ ಅತ್ತೆಯ ಮನೆಯ ಗಾಜನ್ನು ಅಂಚಿನಿಂದ ಅಂಚಿಗೆ ಬೆರಳಾಡಿಸಿ ನೋಡಿದರು. ಗಾಜು ಕೂರಿಸಲು ಸುತ್ತ ಮೆತ್ತಿದ ಲಪ್ಪದ ಅಂಟಿನಲ್ಲಿ ಉಗುರು ಹಾಕಿ ಕೆದರಿದರು. ಆಮೇಲೆ ಇಳಿದು, ಮಾಳಿಂಗಪ್ಪನವರ ಮನೆಯ ಮಾಳಿಗೆ ಹತ್ತಿದರು. ನಾನು ಏಣಿ ಹೊತ್ತು, ಮಶಾಕಸಾಬ ಟೋಪಿ ಹಿಡಿದು ಹಿಂದೆ ನಡೆದೆವು.

ಅಲ್ಲಿನ ಗಾಜೂ ಮೇಲ್ನೋಟಕ್ಕೆ ಕನ್ನಡಿಯಂತೆ ಹೊಳೆಯುತ್ತಿತ್ತು. ಆದರೆ ಲಪ್ಪದಲ್ಲಿ ಆಡಿಸಿದ ಉಗುರಿನ ತುದಿಗೆ ಬೆಳ್ಳಗೆ ಏನೋ ಹತ್ತಿತು. ರೇವವ್ವ ಅದನ್ನು ನಾಲಿಗೆಗೆ ಮುಟ್ಟಿಸಿ ಮುಖ ಕಿವುಚಿದರು. ಆಮೇಲೆ ಪೆಟ್ಟಿಗೆಯ ಕಾಲಿನ ಹತ್ತಿರ ಬಗ್ಗಿ, ಒಣಗಿದ ಬಳ್ಳಿಯ ಒಂದು ತುಂಡು ಎತ್ತಿಕೊಂಡರು. ಅದರಲ್ಲಿ ಗೋಲಿಯಷ್ಟು ದಪ್ಪದ ಒಂದು ಕಹಿ ಹಿಂಡಲಕಾಯಿ ಇನ್ನೂ ತೂಗುತ್ತಿತ್ತು.

"ಮಾಸ್ತರ, ಇದನ್ನ ಯಾವಾಗ ಕಟ್ತಾರು?" ಎಂದು ಕೇಳಿದರು.

ನೀರು ತುಂಬುವ ಹಬ್ಬಕ್ಕೆ ಎನ್ನುತ್ತಲೇ ನಾನು ಗಾಜಿನ ಕಡೆ ತಿರುಗಿದೆ. ಚತುರ್ದಶಿಯ ಹಿಂದಿನ ದಿನ ಹಂಡೆ ಬೆಳಗಿ, ಸುಣ್ಣ ಬಳಿದು, ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಹಿಂಡಲಕಾಯಿಯ ಬಳ್ಳಿ ಸುತ್ತಿ ನೀರು ತುಂಬುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಈ ವರ್ಷ ನಾಲ್ಕು ಮನೆಯ ಹಂಡೆಗಳು ಅಟ್ಟ ಸೇರಿದ್ದವು. ನೀರು ಕಾಯಿಸುವ ದೇವರು ಮಾಳಿಗೆಯ ಮೇಲೆ ಕೂತಿತ್ತು.

ಮಾಳಿಂಗಪ್ಪನವರ ಹೆಂಡತಿ ಸಾವಿತ್ರವ್ವ ಏಣಿಯ ಬುಡದಲ್ಲಿ ನಿಂತು ಸೆರಗಿನ ಅಂಚು ಹಿಂಡುತ್ತಿದ್ದರು. ರೇವವ್ವ ಇಳಿದು ಬಂದು ಬಳ್ಳಿಯನ್ನು ಅವರ ಅಂಗೈಯಲ್ಲಿ ಇಟ್ಟರು, ಅಷ್ಟೆ. ಒಂದು ಗಳಿಗೆಯಲ್ಲಿ ಮಿಕ್ಕ ಮೂರು ಮನೆಯ ಹೆಂಗಸರೂ ಅಲ್ಲಿ ಸೇರಿದರು. ಇಷ್ಟು ಹೊತ್ತು ಅವರೆಲ್ಲ ಕಿಟಕಿಯಲ್ಲಿ ನಮ್ಮನ್ನೇ ಕಾಯುತ್ತಿದ್ದರೆಂದು ಆಗ ಗೊತ್ತಾಯಿತು.

ಮೊದಲು ಬಳಿದವರು ಸಾವಿತ್ರವ್ವನೇ. ಗಾಜಿನ ಮೇಲೆ ಒಂದು ಪಟ್ಟೆ ಎಳೆದಾಗ ಚೆಂದ ಕಂಡಿತಂತೆ. ಆಚೆ ಮನೆಯಾಕೆ ನೋಡಿ ಎರಡು ಪಟ್ಟೆ ಎಳೆದಳು. ಅದರಾಚೆಯಾಕೆ ಪೆಟ್ಟಿಗೆಗೆ ಪೂರ್ತಿ ಸುಣ್ಣ ಸಾರಿಸಿದಳು. ಹಾಗೆ ಬಿಟ್ಟರೆ ಅಧ್ಯಕ್ಷರ ಮನೆಯ ಮಾನ ಉಳಿಯುತ್ತದೆಯೇ? ಸಾವಿತ್ರವ್ವ ಎರಡು ಕೈ ಸುಣ್ಣ ಬಳಿದು, ಮೇಲೆ ಕೆಮ್ಮಣ್ಣಿನ ತೇರು ಬಿಡಿಸಿ, ಇಡೀ ಬಳ್ಳಿ ಹಾಸಿದರು. ದಿನವಿಡೀ ಬಿಸಿಲು ಬಂದು ಬಿಳಿ ಸುಣ್ಣ ನೋಡಿ ವಾಪಸು ಹೋಯಿತು. ಬೆಳಗ್ಗೆ ಗಂಡಂದಿರು ಚೀರಿದಾಗ ಎಲ್ಲರಿಗೂ ತಪ್ಪು ತಿಳಿಯಿತು. ಯಾರಾದರೂ ಕಾಣುವ ಮುಂಚೆ ಒರೆಸಿ, ಒಬ್ಬರ ಕೈ ಮೇಲೆ ಒಬ್ಬರು ಕೈಯಿಟ್ಟು, ಬಾಯಿ ಬಿಡುವುದಿಲ್ಲವೆಂದು ಆಣೆ ಹಾಕಿದರು.

"ಮಗಳು ಹುಟ್ಟಿದಾಗಿಂದ ಹಂಡೆಗೆ ಒಂದು ವರ್ಷನೂ ಪೂಜಿ ತಪ್ಪಿಸಿಲ್ಲರಿ," ಎಂದರು ಸಾವಿತ್ರವ್ವ. ಎಂದವರೇ ತಟ್ಟನೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆ ಮನೆಯಲ್ಲಿ ಮಗಳ ಹೆಸರು ಎತ್ತುವಂತಿಲ್ಲ. ಎರಡು ವರ್ಷದ ಹಿಂದೆ ಆ ಮಗಳು ಕಾಶಿ, ಇಂಡಿ ಊರಿನ ಕಡೆಯ ಒಬ್ಬ ಮಾಸ್ತರನನ್ನು ಮನೆಯವರಿಗೆ ಹೇಳದೆ ಮದುವೆಯಾಗಿ ಹೋದಂದಿನಿಂದ ಮಾಳಿಂಗಪ್ಪನವರು ತನಗೆ ಮಗಳೇ ಇಲ್ಲವೆಂದು ಸಾರಿದ್ದರು.

ಮಶಾಕಸಾಬ ಸಿಟ್ಟಾಗುತ್ತಾನೆಂದು ನಾನು ಅಂದುಕೊಂಡಿದ್ದೆ. ಅವನು ಆ ಒಣ ಬಳ್ಳಿಯನ್ನು ಇಸಕೊಂಡು ತಿರುಗಿಸಿ ತಿರುಗಿಸಿ ನೋಡಿದ. ತಾನು ತಗಡು ಬಡಿದು ಮಾಡಿದ ವಸ್ತುವಿಗೆ ಈ ತಾಯಂದಿರು ಪೂಜೆ ಮಾಡಿದರಲ್ಲ ಎಂದು ಅವನ ಕಣ್ಣುಗಳು ತುಂಬಿದವು. ಅದನ್ನು ನೋಡಿ ಹೆಂಗಸರು ಮೊದಲು ಅತ್ತರು, ಆಮೇಲೆ ಕೆಮ್ಮಣ್ಣಿನ ತೇರು ನೆನೆದು ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಕೈಗೆ ಒಂದು ಹೋಳಿಗೆಯೂ ಬಂತು. ಪುರುಡಿನ ಮನೆಯವ ಬೇರೆ ಮನೆಯಲ್ಲಿ ತಿನ್ನಬಹುದೋ ಬಾರದೋ ಎಂದು ವಿಚಾರಿಸುವಷ್ಟರಲ್ಲಿ ಅದು ಹೊಟ್ಟೆ ಸೇರಿತ್ತು.

ರೇವವ್ವ ಮಾತ್ರ ನಗಲಿಲ್ಲ.

"ನಾಕು ಮನಿ ಲೆಕ್ಕ ಸಿಕ್ತು," ಎಂದರು. "ಐದನೇ ಮನ್ಯಾಗ ಪುರುಡು. ಅಲ್ಲಿ ಸುಣ್ಣ ಹಚ್ಚಿಲ್ಲ, ಬಳ್ಳಿ ಕಟ್ಟಿಲ್ಲ. ಲಪ್ಪ ನೋಡೇನಿ, ಚೊಕ್ಕ ಐತಿ. ಆ ನೀರ ಯಾಕ ಆರತು?"

ನಗು ನಿಂತಿತು. ನಾಳೆ ಮಾಳಿಂಗಪ್ಪನವರು ಕೈ ಹಿಡಿಯುವುದು ಆ ಐದನೆಯ ನಳಕ್ಕೇ.

ಮನೆಗೆ ಬಂದು ಸುಣ್ಣದ ಕಥೆ ಹೇಳಿದಾಗ ಅತ್ತೆ ಇಂದ್ರಾಬಾಯಿ ನಕ್ಕರು, ಆದರೆ ನಗು ಕಣ್ಣಿಗೆ ಏರಲಿಲ್ಲ. ನಮ್ಮ ಮನೆಯದು ಕಟ್ಟಿಗೆ ಅಡ್ಡೆಯ ಧೂಳಪ್ಪನದೇ ಕೆಲಸ ಎಂದು ಖಡಾಖಂಡಿತವಾಗಿ ಹೇಳಿದರು. ಪೆಟ್ಟಿಗೆಗಳು ಬಂದಾಗಿನಿಂದ ಅವನ ಅಡ್ಡೆಗೆ ಗಿರಾಕಿ ಕಡಿಮೆ. ಮಾಳಿಗೆ ಹತ್ತಿ ಏನಾದರೂ ಕಿತಾಪತಿ ಮಾಡಲು ಅವನಿಗೆ ಕಾರಣವಿದೆ. ಮಾತು ಸರಿಯಾಗಿಯೇ ಇತ್ತು. ನಾನು ಹೌದೆಂದು ತಲೆಯಾಡಿಸಿದೆ. ಅತ್ತೆಯ ಮಾತಿಗೆ ನಾನು ಸಾಮಾನ್ಯವಾಗಿ ಅಷ್ಟೇ ಮಾಡುವುದು.

ರೇವವ್ವ ನನ್ನ ಮಗಳಿಗೆ ಎಣ್ಣೆ ತಿಕ್ಕಿ, ಹಳೆಯ ಹಂಡೆಯಲ್ಲಿ ಕಟ್ಟಿಗೆ ಉರಿಸಿ ಕಾಯಿಸಿದ ನೀರು ಎರೆದು, ಬಾಣಂತಿಗೂ ಎರೆದು ಬಂದರು. ಕೈ ಒರೆಸಿಕೊಳ್ಳುತ್ತ ಕೂತವರು ನನ್ನ ಚಿತ್ರದ ವಹಿ ಎಳೆದುಕೊಂಡರು. ದಿನಾ ಸಂಜೆ ಕಿಟಕಿಯಲ್ಲಿ ಕೂತು ಕಂಡದ್ದನ್ನು ಗೀಚುವುದು ನನ್ನ ರೂಢಿ. ಬೇವಿನ ಮರ, ಹೋರಿ, ಮಲಗಿದ ಮಗಳು, ಮತ್ತೆ ಮಲಗಿದ ಮಗಳು. ಅವರು ಹಾಳೆ ತಿರುವುತ್ತ ಒಂದು ಕಡೆ ನಿಂತರು.

ಅದು ಅತ್ತೆಯ ಚಿತ್ರ. ತಲೆಯ ಮೇಲೆ ಒಂದು ಕೊಡ, ಸೊಂಟದ ಮೇಲೆ ಒಂದು ಕೊಡ, ಎದುರಿಗೆ ಬೇವಿನ ಮರದ ಕೆಳಗಿನ ಸಿಹಿನೀರಿನ ಬಾವಿ. ಮೂರು ಸಂಜೆ ಬರೆದ ಮೂರು ಚಿತ್ರ. ಚೆನ್ನಾಗಿ ಬಂದಿವೆಯೇ ಎಂದು ನಾನು ಕೇಳಿದೆ.

ರೇವವ್ವ ಚಿತ್ರದ ಮೇಲೆ ಬೆರಳಿಟ್ಟರು. "ಇಕಿ ಬಾವಿಗೆ ಹೊಂಟಾಳೋ, ಬಾವಿಯಿಂದ ಬರಾಕತ್ತಾಳೋ?"

ಹೊರಟಿದ್ದಾರೆ ಎಂದೆ. ಬೆನ್ನು ನಮ್ಮ ಕಡೆಗಿದೆಯಲ್ಲ.

"ಮತ್ತ ಸೊಂಟ ಯಾಕ ಹಿಂಗ ವಾಲೇತಿ? ಕುತ್ತಿಗಿ ನರ ಯಾಕ ಬಿಗದೈತಿ? ಖಾಲಿ ಕೊಡಕ್ಕ ಹಿಂಗ ಯಾರರೆ ನಡೀತಾರೇನು?"

ನಾನು ಕಂಡದ್ದನ್ನು ಕಂಡಂತೆ ಬರೆಯುವವನು. ಆ ಸೊಂಟ ನಿಜವಾಗಿಯೂ ಹಾಗೆಯೇ ವಾಲಿತ್ತು. ತುಂಬಿದ ಕೊಡ ಹೊತ್ತು ಬಾವಿಗೆ ಹೋಗುವ ಹೆಂಗಸನ್ನು ಮೂರು ಸಂಜೆ ನೋಡಿ, ಮೂರು ಸಲ ನೆರಳು ತುಂಬಿ, ಒಂದು ಸಲವೂ ನನ್ನ ತಲೆಗೆ ಏನೂ ಹೊಳೆದಿರಲಿಲ್ಲ. ಪತ್ತೇದಾರಿಗೂ ನನಗೂ ಎಷ್ಟು ದೂರವೆಂದು ಅವತ್ತೇ ಗೊತ್ತಾಯಿತು.

ಆ ಬಾವಿಯ ಹಿಂದೆಯೇ ಧೂಳಪ್ಪನ ಕಟ್ಟಿಗೆ ಅಡ್ಡೆ.

ಬಿಸಿಲು ಇಳಿಯುವ ಹೊತ್ತಿಗೆ, ಅತ್ತೆ ಮನೆ ಬಿಡುವ ಮುಂಚೆ, ನಾವಿಬ್ಬರೂ ಅಲ್ಲಿದ್ದೆವು. ಧೂಳಪ್ಪ ಐವತ್ತರ ಒಂಟಿ ಆಳು. ಖಾನಾವಳಿಯಲ್ಲಿ ಉಣ್ಣುತ್ತಾನೆ, ವರ್ಷದ ಹನ್ನೆರಡು ತಿಂಗಳೂ ತಣ್ಣೀರು ಮೀಯುತ್ತಾನೆ. ಕಟ್ಟಿಗೆ ಮಾರುವವನ ಮನೆಯ ಮೇಲೆ ಹೊಗೆ ಕಂಡವರಿಲ್ಲವೆಂದು ಊರೆಲ್ಲ ಅವನನ್ನು ಆಡಿಕೊಳ್ಳುತ್ತದೆ. ನಮ್ಮನ್ನು ಕಂಡವನೇ ತೂಕದ ತಕ್ಕಡಿ ಬಿಟ್ಟು ಎದ್ದು, ಮನೆಯ ಬಾಗಿಲಿಗೆ ಅಡ್ಡ ನಿಂತ.

ರೇವವ್ವ ಕೂಡಲಿಲ್ಲ. ಮಶಾಕಸಾಬನ ಪೆಟ್ಟಿಗೆ ಕೆಡಿಸಿದ್ದು ನೀನೆಂದು ಊರು ಹೇಳುತ್ತಿದೆಯಲ್ಲ ಎಂದು ಕೇಳಿದರು. ಹೇಳಲಿ ಎಂದ ಧೂಳಪ್ಪ. ನಾಳೆ ಅವನು ಊರು ಬಿಡುತ್ತಾನೆ ಎಂದರು. ಧೂಳಪ್ಪನ ಕತ್ತು ತಗ್ಗಿತು. ಮಶಾಕನೂ ತಾನೂ ಒಂದೇ ಸಾಲಿಯಲ್ಲಿ ಓದಿದವರು, ಅವನ ಪೆಟ್ಟಿಗೆಗೆ ತಾನು ಕೈ ಹಚ್ಚುವವನಲ್ಲ ಎಂದಷ್ಟೇ ಹೇಳಿದ. ಆ ಮಾತು ಸುಳ್ಳಿನ ಹಾಗೆ ಕೇಳಿಸಲಿಲ್ಲ.

"ಹಂಗಾರ ನಿನ್ನ ಬಚ್ಚಲಾ ಒಂದ್ಸಲ ನೋಡ್ತೇನಿ," ಎಂದರು ರೇವವ್ವ.

ಅವನು ತಡೆಯುವಷ್ಟರಲ್ಲಿ ಅವರು ಹಿತ್ತಲಿಗೆ ದಾಟಿದ್ದರು. ಮೂವತ್ತು ವರ್ಷ ಬಚ್ಚಲು ಹೊಕ್ಕವರಿಗೆ ದಾರಿ ಕೇಳುವ ಅಗತ್ಯವೇನು? ಮೂಲೆಯ ಹಂಡೆಯ ಕೆಳಗೆ ಜೇಡ ಬಲೆ ಕಟ್ಟಿತ್ತು, ಒಲೆಯಲ್ಲಿ ಬೂದಿಯ ಸುಳಿವಿಲ್ಲ. ಆದರೆ ಬಚ್ಚಲಕಲ್ಲು ಒದ್ದೆಯಾಗಿತ್ತು. ಕಲ್ಲಿನ ಸಂದಿನಲ್ಲಿ ಅರಿಷಿಣ, ಕಡಲೆಹಿಟ್ಟು, ಬೇವಿನ ಎಲೆ. ಒಂಟಿ ಗಂಡಸು ಅರಿಷಿಣ ಹಚ್ಚಿ ಮೀಯುವುದಿಲ್ಲ.

ಗೋಡೆಗೆ ಒರಗಿಸಿಟ್ಟ ತಾಮ್ರದ ಕೊಡವನ್ನು ರೇವವ್ವ ಬೆಳಕಿಗೆ ತಿರುಗಿಸಿದರು. ನಮ್ಮ ಕಡೆ ಹೊಸ ಪಾತ್ರೆ ಕೊಂಡರೆ ಕಂಠದಲ್ಲಿ ಹೆಸರು ಕೊರೆಸದೆ ಮನೆಗೆ ಒಯ್ಯುವುದಿಲ್ಲ. ಚುಕ್ಕೆ ಚುಕ್ಕೆಯಾಗಿ ಅಲ್ಲಿ ಒಂದು ಹೆಸರಿತ್ತು. ಬಗ್ಗಿ ಓದಿದೆ. ಅತ್ತೆಯ ಹೆಸರು, ಅತ್ತೆಯ ಕೊಡ.

"ಹೊಗಿ ಕಂಡ್ರ ಊರು ಕೇಳತೈತಿ," ಎಂದರು ರೇವವ್ವ ಮೆಲ್ಲಗೆ. "ಬಿಸಿಲ ನೀರಿಗೆ ಹೊಗಿ ಇಲ್ಲ. ಸಂಜಿಕ ಡ್ರಮ್ಮಿನ ಬಿಸಿನೀರ ಇಲ್ಲಿಗೆ, ಬಾವಿ ತಣ್ಣೀರ ಡ್ರಮ್ಮಿಗೆ. ಯಾರಿಗೆ ಎರಿಯಾಕತ್ತೀರಿ, ಧೂಳಪ್ಪ?"

ಧೂಳಪ್ಪ ಉತ್ತರ ಕೊಡಬೇಕಾಗಲಿಲ್ಲ. ಒಳಮನೆಯ ಕತ್ತಲಲ್ಲಿ ಒಂದು ಕೂಸು ಅತ್ತಿತು.

ರೇವವ್ವ ಕಲ್ಲಾಗಿ ನಿಂತರು. ಈ ಊರಿನಲ್ಲಿ ತಮ್ಮ ಕೈ ಮುಟ್ಟದೆ ಹುಟ್ಟಿದ ಕೂಸಿನ ಅಳುವನ್ನು ಅವರು ಮೊದಲ ಸಲ ಕೇಳುತ್ತಿದ್ದರು. ಅವರ ಮುಖದಲ್ಲಿ ಸೋಜಿಗ, ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಸಂತೋಷ ಒಟ್ಟಿಗೇ ಕಂಡವು.

ಹಿತ್ತಲ ಬಾಗಿಲು ಕಿರುಗುಟ್ಟಿತು. ತಲೆಯ ಮೇಲೆ ಒಂದು ಕೊಡ, ಸೊಂಟದ ಮೇಲೆ ಒಂದು ಕೊಡ ಹೊತ್ತು ಅತ್ತೆ ಇಂದ್ರಾಬಾಯಿ ಒಳಗೆ ಬಂದರು. ನಮ್ಮನ್ನು ನೋಡಿದರು. ಕೊಡದ ಬಾಯಿಂದ ಹಬೆ ಏಳುತ್ತಿತ್ತು.

"ನೀರ ಆರತೈತಿ," ಎಂದರು. "ಮೊದಲ ಎರಿಯೂಣು, ಆಮ್ಯಾಲ ಕೇಳ್ರಿ. ಅಳಿಯಾಂದ್ರ, ಈ ಕೊಡಾ ಹಿಡೀರಿ."

ಹಿಡಿದೆ. ಬೇರೇನು ಮಾಡಲಿ? ಅತ್ತೆ ಒಳಗಿಂದ ಒಬ್ಬಳ ಕೈ ಹಿಡಿದು ಕರೆತಂದರು. ಬಿಳಿಚಿದ ಮುಖ, ಕಟ್ಟಿದ ತಲೆ, ಎದೆಗವಚಿದ ಐದು ದಿನದ ಕೂಸು. ನನ್ನ ಮದುವೆಯ ಸುರಗಿ ನೀರಿನ ಸ್ನಾನದ ದಿನ ನನ್ನ ಮುಖದ ತುಂಬ ಅರಿಷಿಣ ಬಳಿದು ನಗುತ್ತ ಓಡಿದ ಹುಡುಗಿ, ನನ್ನ ಹೆಂಡತಿಯ ಗೆಳತಿ. ಮಾಳಿಂಗಪ್ಪ ಸಾವಿತ್ರವ್ವರ ಮಗಳು ಕಾಶಿ.

ಗಂಡನಿಗೆ ದೂರದ ಊರಿಗೆ ವರ್ಗವಾಗಿತ್ತು. ಮನೆ ಹೂಡಿ ಬಂದು ಕರೆದೊಯ್ಯುತ್ತೇನೆಂದು ಅವನು ಹೋದ ವಾರವೇ, ಹೆರಿಗೆಗೆ ತವರೇ ಬೇಕೆಂದು ಆಸೆಪಟ್ಟು ಅವಳು ಬಸ್ಸು ಹತ್ತಿದ್ದಳು. ತಂದೆಯ ಬಾಗಿಲು ತಟ್ಟುವ ಧೈರ್ಯ ಸಾಲಲಿಲ್ಲ. ಬಾವಿಯ ಹತ್ತಿರ ಕೂತವಳನ್ನು ಅತ್ತೆ ಕಂಡರು, ಧೂಳಪ್ಪ ಮನೆ ಬಿಟ್ಟುಕೊಟ್ಟ, ಹೆರಿಗೆಯನ್ನೂ ಅತ್ತೆಯೇ ಮಾಡಿಸಿದರು. ಅಪ್ಪನ ಕಿವಿಗೆ ಬೀಳಕೂಡದೆಂದು ಅವಳು ಇಬ್ಬರಿಂದಲೂ ಮಾತು ತೆಗೆದುಕೊಂಡಿದ್ದಳು. ನಮ್ಮ ಹಂಡೆಯನ್ನು ಸಂಜೆಯೂ ಹೂಡಿದರೆ ಯಾಕೆಂದು ಬಡಾವಣೆ ಕೇಳುತ್ತಿತ್ತು. ಮಾಳಿಗೆಯ ಮೇಲೆ ಬಿಸಿಲಿಗೆ ಕಾದ ನೀರನ್ನು ಯಾರೂ ಕೇಳಲಿಲ್ಲ.

ಈಗ ನಿಜ ಹೇಳಿದರೆ ಮಶಾಕಸಾಬ ಉಳಿಯುತ್ತಾನೆ, ಕಾಶಿಗೆ ಕೊಟ್ಟ ಮಾತು ಹೋಗುತ್ತದೆ. ಹೇಳದಿದ್ದರೆ ನಾಳೆ ಅವನು ಸೊಲ್ಲಾಪುರದ ಬಸ್ಸು ಹತ್ತುತ್ತಾನೆ. ನಾನು ರೇವವ್ವನವರ ಮುಖ ನೋಡಿದೆ. ಅವರು ಸೀರೆ ಮೊಣಕಾಲಿಗೆ ಸೇರಿಸಿ, ಬಚ್ಚಲಕಲ್ಲಿನ ಮೇಲೆ ಕೂತು, ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಾಗಿತ್ತು. ಮೊಣಕೈ ಅದ್ದಿ ನೋಡಿದರು. ಹದವಾಗಿತ್ತು. ಮೊದಲ ಚರಿಗೆ ಮೈಮೇಲೆ ಇಳಿದಾಗ ಕೂಸು ಅಳು ನಿಲ್ಲಿಸಿ ಬೆರಳು ಬಿಚ್ಚಿತು. ಕಾಶಿ ನಕ್ಕಳು, ಧೂಳಪ್ಪನೂ ನಕ್ಕ. ಕೊಡ ಹಿಡಿದು ನಿಂತ ನಾನೂ ನಕ್ಕೆ.

ಆಗ ಮುಂಬಾಗಿಲಲ್ಲಿ ಕೋಲು ಕುಟ್ಟಿದ ಸದ್ದಾಯಿತು.

"ಧೂಳಪ್ಪ, ಅದೀಯೇನು?" ಮಾಳಿಂಗಪ್ಪನವರ ದನಿ. "ಆ ಪೆಟ್ಟಿಗಿ ನಂಬಿ ಮೈ ನಡುಗಿಸಿಕೊಂಡೆ. ಒಂದು ಗಾಡಿ ಕಟ್ಟಿಗಿ ಆರಿಸಬೇಕು, ಹಿತ್ತಲಕ ಬರ್ತೇನಿ."

ಕಾಶಿಯ ನಗು ಅಳಿಸಿಹೋಯಿತು. ಅತ್ತೆ ನನ್ನ ತೋಳು ಹಿಡಿದರು. ಚಪ್ಪಲಿಯ ಸದ್ದು ಕಟ್ಟಿಗೆಯ ಸಾಲು ದಾಟಿ ಹತ್ತಿರ ಬರುತ್ತಿತ್ತು. ರೇವವ್ವನವರ ಕೈಯಲ್ಲಿ ಎರಡನೆಯ ಚರಿಗೆ ಹಾಗೆಯೇ ನಿಂತಿತು. ಅವರ ಕಾಲ ಮೇಲಿದ್ದ ಮಾಳಿಂಗಪ್ಪನವರ ಮೊಮ್ಮಗು, ನೀರು ಬರಲಿಲ್ಲವೆಂದು, ಉದ್ದಕ್ಕೆ ಉಸಿರೆಳೆದು ಬಾಯಿ ತೆರೆಯಿತು.